ಮಧ್ಯರಾತ್ರಿಯ ಮಿತ್ರನೂ ದಿನವಿಡೀ ಕಾಡುವ ಕರೆಯೂ



ಕೆಲವು ವಾರಗಳ ಹಿಂದೆ ಭಾನುವಾರದ ಕನ್ನಡ ಬಲಿಪೂಜೆಯಲ್ಲಿ ನಡೆದದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಪ್ರಬೋಧನೆ ಮುಗಿದು ಎಲ್ಲರೂ ಮೌನವಾಗಿ ಕುಳಿತಿದ್ದ ಹೊತ್ತು. ಹೆಂಗಸರ ಸಾಲಿನಲ್ಲಿ ಒಂದು ಫೋನ್ ಜೋರಾಗಿ ಬಡಿದುಕೊಂಡಿತು. ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿ, ಫೋನ್ ತೆಗೆದು, ನಡುಗುವ ಬೆರಳಿನಿಂದ ಗುಂಡಿ ಒತ್ತಿ ‘ಹಲೋ ಮಗಾ’ ಅಂದರು. ಆ ಕಡೆಯಿಂದ ಹೆಣ್ಣುದನಿಯೊಂದು ಹಿಂದಿಯಲ್ಲಿ ಸಾಲದ ವಿಷಯ ಹೇಳತೊಡಗಿತು. ಅಷ್ಟು ಮೌನದಲ್ಲಿ ಅದು ಮೂರು ಸಾಲು ಆಚೆಗೂ ಕೇಳಿಸುತ್ತಿತ್ತು. ಫಾದರ್ ಏನೂ ಅನ್ನದೆ ಕಾದರು. ಅಜ್ಜಿಗೆ ಕಟ್ ಮಾಡುವುದು ತಿಳಿಯಲಿಲ್ಲ. ಪಕ್ಕದಲ್ಲಿದ್ದವರು ಫೋನ್ ಕಿತ್ತುಕೊಂಡು ಆರಿಸಿದರು.

ಪೂಜೆ ಮುಗಿದ ಮೇಲೆ ನಾವು ಯುವಜನ ಬಳಗದವರು ಅವರ ಹತ್ತಿರ ಹೋದೆವು. ಗೊತ್ತಿಲ್ಲದ ನಂಬರ್ ಬಂದರೆ ಎತ್ತಬೇಡಿ ಎಂದು ಬುದ್ಧಿ ಹೇಳುವುದು ನಮ್ಮ ಉದ್ದೇಶವಾಗಿತ್ತು. ಅಜ್ಜಿ ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡು ಅಂದದ್ದು ಇಷ್ಟೇ: ‘ನನ್ನ ಮಗಂದೇ ಇರ್ಬೋದು ಅನ್ಕಂಡಿ ಕನಪ್ಪ. ಅವ್ನು ಯಾರ್ ಯಾರ್ದೋ ಫೋನಲ್ಲಿ ಮಾಡ್ತಾನೆ.’ ಅವರ ಮಗ ಲಾರಿ ಓಡಿಸುತ್ತಾರೆ. ತಿಂಗಳಿಗೆ ಎರಡು ಮೂರು ಸಲ ಮನೆಗೆ ಫೋನ್ ಮಾಡುತ್ತಾರೆ. ಅಜ್ಜಿಯ ಫೋನಿಗೆ ದಿನಕ್ಕೆ ನಾಲ್ಕೈದು ಕರೆ ಬರುತ್ತವೆ. ಪ್ರತಿ ಸಲವೂ ಅವರು ‘ಮಗಾ’ ಎಂದೇ ಎತ್ತುತ್ತಾರೆ.

ಬುದ್ಧಿ ಹೇಳಲು ಹೋದ ನಾವು ಸುಮ್ಮನೆ ಹಿಂದಿರುಗಿದೆವು. ಆ ವಾರದ ಯುವಜನ ಕೂಟದಲ್ಲಿ ಬೇರೆ ವಿಷಯ ಇಟ್ಟುಕೊಂಡಿದ್ದರೂ ಮಾತು ಇಲ್ಲಿಗೇ ಬಂದು ನಿಂತಿತು. ಬೇಡದ ಕರೆ ಒಂದು ಕಿರಿಕಿರಿ ಎಂದಷ್ಟೇ ನಾವು ತಿಳಿದಿದ್ದೆವು. ಅದರೊಳಗೆ ಒಂದು ಧರ್ಮದ ಪ್ರಶ್ನೆಯೂ ಇದೆ ಎಂದು ಅಜ್ಜಿಯಿಂದ ತಿಳಿಯಿತು: ನಮ್ಮ ಬಾಗಿಲು ತಟ್ಟುವ ಎಲ್ಲರಿಗೂ ನಾವು ಉತ್ತರ ಕೊಡಬೇಕೇ? ಕೊಡುವುದಾದರೆ ಎಂಥ ಉತ್ತರ?

ನಮ್ಮ ತಾಳವಾಡಿ ಸೀಮೆಯಲ್ಲಿ ಈ ಕಾಟಕ್ಕೆ ಇನ್ನೊಂದು ಮುಖವಿದೆ. ನಾವಿರುವುದು ತಮಿಳುನಾಡಿನಲ್ಲಿ, ಮನೆಮಾತು ಕನ್ನಡ, ಸಂತೆ ವ್ಯಾಪಾರ, ಆಸ್ಪತ್ರೆ ಎಂದು ಹೋಗುವುದು ಚಾಮರಾಜನಗರದ ಕಡೆಗೂ. ಕೆಲವರ ಸಿಮ್ ಇಲ್ಲಿಯದು, ಕೆಲವರದ್ದು ಅಲ್ಲಿಯದು. ಹೀಗಾಗಿ ಕರೆಗಳು ತಮಿಳಿನಲ್ಲಿ, ಕನ್ನಡದಲ್ಲಿ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಬರುತ್ತವೆ. ಭಾಷೆ ನಾಲ್ಕು, ಮಾತು ಒಂದೇ: ಸಾಲ ಬೇಕೇ, ಕಾರ್ಡು ಬೇಕೇ, ಸೈಟು ಬೇಕೇ?

ಶುಭಸಂದೇಶದಲ್ಲಿ ಪದೇ ಪದೇ ಬಾಗಿಲು ತಟ್ಟುವವನ ಕಥೆಯೊಂದಿದೆ. ಸಂತ ಲೂಕರ 11ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಸಾಮತಿ ಅದು. ಮಧ್ಯರಾತ್ರಿ ಒಬ್ಬ ಮಿತ್ರನ ಮನೆ ಬಾಗಿಲು ತಟ್ಟಿ ಮೂರು ರೊಟ್ಟಿ ಕೇಳುತ್ತಾನೆ. ಮನೆಯವನು ಬಾಗಿಲು ಹಾಕಿ, ಮಕ್ಕಳೊಂದಿಗೆ ಮಲಗಿಬಿಟ್ಟಿದ್ದಾನೆ. ಏಳಲು ಮನಸ್ಸಿಲ್ಲ. ಆದರೂ ತಟ್ಟುವವನು ಬಿಡದೆ ಕಾಡುವುದರಿಂದ ಕೊನೆಗೆ ಎದ್ದು ಕೊಡುತ್ತಾನೆ. ಅದೇ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ ಒಬ್ಬ ವಿಧವೆ ನ್ಯಾಯಾಧೀಶನನ್ನು ಹೀಗೆಯೇ ಬಿಡದೆ ಕಾಡಿ ನ್ಯಾಯ ಪಡೆಯುತ್ತಾಳೆ. ಇಬ್ಬರನ್ನೂ ಯೇಸುಸ್ವಾಮಿ ತೆಗಳಲಿಲ್ಲ. ಪ್ರಾರ್ಥನೆಯಲ್ಲಿ ಎದೆಗುಂದಬಾರದು ಎಂಬುದಕ್ಕೆ ಅವರನ್ನೇ ಮಾದರಿಯಾಗಿ ತೋರಿಸಿದರು.

ನಮ್ಮ ಕೂಟದಲ್ಲಿ ಒಬ್ಬ ತಮ್ಮ ತಮಾಷೆಗೆ ಕೇಳಿದ: ‘ಹಾಗಾದರೆ ದಿನಕ್ಕೆ ಹತ್ತು ಸಲ ಫೋನ್ ಮಾಡುವ ಸಾಲದವರೂ ಆ ಮಿತ್ರನ ಹಾಗೇ ಅಲ್ಲವೇ? ಅವರೂ ಎದೆಗುಂದುವುದಿಲ್ಲ!’ ಎಲ್ಲರೂ ನಕ್ಕೆವು. ಆದರೆ ಉತ್ತರ ಥಟ್ಟನೆ ಹೊಳೆಯಲಿಲ್ಲ.

ಯೋಚಿಸಿದಾಗ ಮೂರು ವ್ಯತ್ಯಾಸ ಕಂಡವು. ಮೊದಲನೆಯದು, ಮಧ್ಯರಾತ್ರಿಯ ಮಿತ್ರ ಒಂದು ಗೊತ್ತಾದ ಮನೆಗೆ ಬಂದಿದ್ದಾನೆ, ಒಳಗಿರುವವನು ಯಾರೆಂದು ಬಲ್ಲ. ನಮ್ಮ ದೇಶದ ಮೊಬೈಲ್ ಸಂಖ್ಯೆಗೆ ಹತ್ತು ಅಂಕಿ, ಅದು ಶುರುವಾಗುವುದು 6, 7, 8 ಅಥವಾ 9ರಿಂದ. ಲೆಕ್ಕ ಹಾಕಿದರೆ ಸುಮಾರು 400 ಕೋಟಿ ಸಂಖ್ಯೆಗಳು ಸಾಧ್ಯ. ಒಂದು ಯಂತ್ರ ಇವುಗಳನ್ನು ಒಂದಾದ ಮೇಲೊಂದರಂತೆ ಒತ್ತುತ್ತಾ ಹೋಗಬಹುದು. ಆ ಕಡೆ ಅಜ್ಜಿ ಇದ್ದಾರೆಯೋ ಮಗುವಿದೆಯೋ ಅದಕ್ಕೆ ಬೇಕಿಲ್ಲ. ಎತ್ತಿದ ಕೂಡಲೇ ಯಾರೂ ಮಾತಾಡದೆ ಕಟ್ ಆಗುವ ಕರೆಗಳು ಬರುತ್ತವಲ್ಲ, ಅದಕ್ಕೂ ಇಂಥದ್ದೇ ಒಂದು ಕಾರಣವಿದೆ. ಮಾತಾಡಲು ಕುಳಿತವರು ಹತ್ತು ಜನರಿದ್ದರೆ ಯಂತ್ರ ಅದಕ್ಕಿಂತ ಹೆಚ್ಚು ಮಂದಿಗೆ ಒಟ್ಟಿಗೆ ಕರೆ ಮಾಡುತ್ತದೆ. ಎಲ್ಲರೂ ಎತ್ತಿಬಿಟ್ಟರೆ ಹೆಚ್ಚಾದವರ ಕರೆ ಬಿದ್ದುಹೋಗುತ್ತದೆ. ಅವರ ಸಮಯ ಉಳಿಯಲೆಂದು ನಮ್ಮ ಸಮಯ ಖರ್ಚಾಗುತ್ತದೆ.

ಎರಡನೆಯದು, ಆ ಮಿತ್ರ ರೊಟ್ಟಿ ಕೇಳಿದ್ದು ತನಗಲ್ಲ, ದೂರದಿಂದ ಹಸಿದು ಬಂದ ಅತಿಥಿಗೆ. ಮೂರನೆಯದು, ಅವನಿಗೆ ನಿಜವಾಗಿಯೂ ಬೇರೆ ದಾರಿಯಿರಲಿಲ್ಲ. ವಿಧವೆಗೂ ಇರಲಿಲ್ಲ. ಹಾಗಾದರೆ ಕರೆಗಳ ಸಂಖ್ಯೆಯಿಂದ ಯಾವುದನ್ನೂ ಅಳೆಯಲಾಗದು. ಒಂದೇ ಒಂದು ಕರೆಯೂ ಮೋಸದ್ದಾಗಿರಬಹುದು, ಹತ್ತು ಕರೆಯೂ ಒಬ್ಬರ ಸಂಕಟದ್ದಾಗಿರಬಹುದು. ಕೇಳಬೇಕಾದ ಪ್ರಶ್ನೆ, ಬಾಗಿಲಲ್ಲಿ ನಿಂತವರು ನಮ್ಮನ್ನು ಮನುಷ್ಯರೆಂದು ಬಲ್ಲರೇ, ಅವರ ಕೈಯಲ್ಲಿರುವುದು ಒಂದು ಅಗತ್ಯವೇ ಎಂಬುದು.

ಈ ಮಾತು ಹೇಳಲು ನಮಗೆ ಒಂದು ಕಾರಣವಿದೆ. ಅದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ನಮ್ಮ ಯುವಜನ ಬಳಗ ರಕ್ತದಾನಿಗಳ ಒಂದು ಪಟ್ಟಿ ಇಟ್ಟುಕೊಂಡಿರುವುದು ನಿಮಗೆ ಗೊತ್ತು. ಹೆಸರು, ರಕ್ತದ ಗುಂಪು, ಫೋನ್ ನಂಬರ್ ಬರೆದು ದೇವಾಲಯದ ನೋಟೀಸ್ ಬೋರ್ಡಿನಲ್ಲಿ ಹಾಕಿದ್ದೆವು. ಕಳೆದ ವರ್ಷ ಒಂದು ರಾತ್ರಿ ಹನ್ನೊಂದರ ಮೇಲೆ ನಮ್ಮಲ್ಲಿ ಮೂವರಿಗೆ ಒಂದೇ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಒಬ್ಬರಿಗೆ ನಾಲ್ಕು ಸಲ. ಅವರು ಸಿಟ್ಟಿನಿಂದ ಬ್ಲಾಕ್ ಮಾಡಿ ಮಲಗಿದರು. ಇನ್ನೊಬ್ಬರು ಗೊತ್ತಿಲ್ಲದ ನಂಬರುಗಳೆಲ್ಲ ಮೌನವಾಗುವಂತೆ ಮೊದಲೇ ಸೆಟ್ಟಿಂಗ್ ಮಾಡಿಟ್ಟಿದ್ದರು. ಮೂರನೆಯವರು ನೋಡಿಯೂ ಸುಮ್ಮನಾದರು. ಬೆಳಿಗ್ಗೆ ತಿಳಿಯಿತು. ಕರೆ ಮಾಡಿದ್ದು ನಮ್ಮದೇ ಧರ್ಮಕೇಂದ್ರದ ಒಬ್ಬ ಅಣ್ಣ. ಹೆರಿಗೆಗೆ ಆಸ್ಪತ್ರೆ ಸೇರಿದ್ದ ಹೆಂಡತಿಗೆ ರಕ್ತ ಬೇಕಾಗಿತ್ತು. ಅವರ ಫೋನಿನ ಚಾರ್ಜ್ ಮುಗಿದಿದ್ದರಿಂದ ಪಕ್ಕದ ಮಂಚದವರ ಫೋನಿನಿಂದ ಕರೆ ಮಾಡಿದ್ದರು. ದೇವರ ದಯೆಯಿಂದ ಅಲ್ಲೇ ಇದ್ದ ಬೇರೊಬ್ಬರು ಕೊಟ್ಟರು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಮಗುವಿನ ಜ್ಞಾನಸ್ನಾನಕ್ಕೆ ನಮ್ಮನ್ನೆಲ್ಲ ಕರೆದರು. ಊಟಕ್ಕೆ ಕುಳಿತಾಗ ಆ ಅಣ್ಣ ಸಿಟ್ಟಿಲ್ಲದೆಯೇ ಕೇಳಿದರು: ‘ಅವತ್ತು ಯಾಕಪ್ಪ ಯಾರೂ ಎತ್ತಲಿಲ್ಲ?’ ಅನ್ನ ನಮ್ಮ ಗಂಟಲಿನಲ್ಲಿ ಇಳಿಯಲಿಲ್ಲ.

ಸುಳ್ಳು ಕರೆಗಳಿಂದ ಆಗುವ ನಿಜವಾದ ನಷ್ಟ ಇದು ಎಂದು ನಮಗೆ ಅವತ್ತು ಅರಿವಾಯಿತು. ಕಳೆದುಹೋದ ಅರ್ಧ ನಿಮಿಷ ದೊಡ್ಡದಲ್ಲ. ಬಾಗಿಲು ತಟ್ಟಿದ ಸದ್ದು ಕೇಳಿದರೆ ಎದ್ದು ಹೋಗಬೇಕು ಎಂಬ ನಮ್ಮ ಮನಸ್ಸನ್ನೇ ಅವು ಸವೆಸುತ್ತವೆ. ಸಾಲದವರ ನೂರು ಕರೆಯ ದಂಡವನ್ನು ಕೊನೆಗೆ ಕಟ್ಟುವವನು ಮಧ್ಯರಾತ್ರಿಯ ಮಿತ್ರ.

ನಮ್ಮಲ್ಲಿ ಬಿಎಸ್ಸಿ ಓದಿದವರಿಗೆ ಸಂಖ್ಯಾಶಾಸ್ತ್ರದ ಒಂದು ಪಾಠ ಇಲ್ಲಿ ನೆನಪಾಗುತ್ತದೆ. ಯಾವುದೇ ಪರೀಕ್ಷೆಯಲ್ಲಿ ಎರಡು ಬಗೆಯ ತಪ್ಪುಗಳಿವೆ. ಇಲ್ಲದ್ದನ್ನು ಇದೆ ಎನ್ನುವುದು ಒಂದು, ಇರುವುದನ್ನು ಇಲ್ಲ ಎನ್ನುವುದು ಇನ್ನೊಂದು. ಅದೇ ಪರೀಕ್ಷೆಯಲ್ಲಿ ಒಂದನ್ನು ಕಡಿಮೆ ಮಾಡಲು ಹೋದರೆ ಸಾಮಾನ್ಯವಾಗಿ ಇನ್ನೊಂದು ಹೆಚ್ಚುತ್ತದೆ. ಎಲ್ಲ ಕರೆ ಎತ್ತಿದರೆ ಮೊದಲ ತಪ್ಪು, ಯಾವುದನ್ನೂ ಎತ್ತದಿದ್ದರೆ ಎರಡನೆಯದು. ಗಣಿತ ಇಷ್ಟನ್ನೇ ಹೇಳುತ್ತದೆ. ಯಾವ ತಪ್ಪಿನ ಭಾರ ಯಾರ ಮೇಲೆ ಬೀಳುತ್ತದೆ ಎಂದು ಕೇಳುವುದು ನಮ್ಮ ವಿಶ್ವಾಸ. ಮೊದಲ ತಪ್ಪಿನ ಭಾರ ನಮ್ಮ ಮೇಲೆ, ಎರಡನೆಯದರ ಭಾರ ಆ ಕಡೆ ಇರುವವರ ಮೇಲೆ. ಆದ್ದರಿಂದ ವಯಸ್ಸಿರುವ, ತಿಳಿವಳಿಕೆಯಿರುವ ನಾವು ಯುವಕ ಯುವತಿಯರು ಸ್ವಲ್ಪ ಹೆಚ್ಚು ಕಿರಿಕಿರಿ ತಾಳಿಕೊಳ್ಳಬೇಕು ಎಂದು ನಮಗನ್ನಿಸುತ್ತದೆ. ಅಜ್ಜಿಯಂಥವರ ವಿಷಯ ಬೇರೆ. ಅವರಿಗೆ ಒಂದು ತಪ್ಪು ಕರೆ ಉಳಿತಾಯದ ಹಣವನ್ನೇ ಕಸಿಯಬಲ್ಲದು. ಅವರ ಬಾಗಿಲನ್ನು ಕಾಯುವುದೂ ನಮ್ಮದೇ ಕೆಲಸ.

ಸರಿ, ಎತ್ತಿದೆವು. ಆ ಕಡೆ ಬೇಡದ ಮಾತು. ಏನು ಹೇಳಬೇಕು? ಕೂಟದಲ್ಲಿ ಎಲ್ಲರೂ ತಾವು ಮಾಡುವುದನ್ನು ಮುಚ್ಚಿಡದೆ ಹೇಳಿದಾಗ ಸಿಕ್ಕಿದ್ದು ಎರಡೇ ಉತ್ತರ: ಸುಳ್ಳು ಮತ್ತು ಬೈಗುಳ.

‘ಮೀಟಿಂಗಿನಲ್ಲಿದ್ದೇನೆ’ ಎಂದು ಅರಿಸಿನದ ಹೊಲದಲ್ಲಿ ನಿಂತು ಹೇಳುತ್ತೇವೆ. ‘ಅವರು ಇಲ್ಲ, ನಾನು ಅವರ ತಮ್ಮ’ ಎನ್ನುತ್ತೇವೆ. ‘ನಾಳೆ ಮಾಡಿ’ ಎನ್ನುತ್ತೇವೆ. ಇವು ಯಾರಿಗೂ ಕೇಡು ಮಾಡದ ಸಣ್ಣ ಸುಳ್ಳುಗಳು ಎಂದು ವಾದಿಸಬಹುದು. ಆದರೆ ಮನೆಯಲ್ಲಿ ಚಿಕ್ಕ ಮಕ್ಕಳು ಕೇಳಿಸಿಕೊಳ್ಳುತ್ತಿರುತ್ತಾರೆ. ಭಾನುವಾರ ಧರ್ಮೋಪದೇಶ ತರಗತಿಯಲ್ಲಿ ಎಂಟನೆಯ ಕಟ್ಟಳೆ ಕಲಿಸುವಾಗ ಒಂದು ಮಗು ‘ಅಪ್ಪ ಫೋನಿನಲ್ಲಿ ಹೇಳ್ತಾರಲ್ಲ’ ಅಂದಿದ್ದನ್ನು ನಾವು ಮರೆತಿಲ್ಲ. ಇದಲ್ಲದೆ ಈ ಸುಳ್ಳು ಕೆಲಸಕ್ಕೂ ಬರುವುದಿಲ್ಲ. ‘ನಾಳೆ ಮಾಡಿ’ ಎಂದರೆ ಅವರು ನಾಳೆ ಮಾಡುತ್ತಾರೆ!

ಇನ್ನು ಬೈಗುಳ. ನಮ್ಮ ಬಳಗದ ಒಬ್ಬ ಅಕ್ಕ ಊರು ಬಿಟ್ಟು ನಗರದಲ್ಲಿ ಟೆಲಿಕಾಲಿಂಗ್ ಕೆಲಸದಲ್ಲಿದ್ದಾರೆ. ಹಬ್ಬಕ್ಕೆ ಬಂದಿದ್ದಾಗ ಅವರನ್ನು ಕೇಳಿದೆವು. ದಿನಕ್ಕೆ ನೂರಕ್ಕೂ ಹೆಚ್ಚು ಕರೆ. ಪಟ್ಟಿ ಕೊಡುವುದು ಕಂಪ್ಯೂಟರ್, ಮಾತು ಬರೆದುಕೊಡುವುದು ಕಂಪನಿ, ಬೈಸಿಕೊಳ್ಳುವುದು ಮಾತ್ರ ತಾವು ಎಂದರು. ಕೆಲವರು ಅಮ್ಮ ಅಕ್ಕ ಎಂದು ಸೇರಿಸಿ ಬೈಯುತ್ತಾರಂತೆ. ಮೊದಲ ತಿಂಗಳು ಸಂಜೆ ಹಾಸ್ಟೆಲಿಗೆ ಬಂದು ಅಳುತ್ತಿದ್ದರಂತೆ. ‘ನಿಮಗೆ ಅತಿ ಕಷ್ಟ ಕೊಡುವವರು ಯಾರು?’ ಎಂದು ಕೇಳಿದೆವು. ‘ಬೈಯುವವರು, ಆಮೇಲೆ ಹತ್ತು ನಿಮಿಷ ಆಟ ಆಡಿಸಿ ಕೊನೆಗೆ ನಗುವವರು’ ಎಂದರು. ‘ಒಳ್ಳೆಯವರು?’ ‘ಬೇಡ ಕಣಮ್ಮ, ನನ್ನ ನಂಬರ್ ತೆಗೆದುಬಿಡು ಅಂತ ಮೊದಲೇ ಹೇಳಿ ಇಡುವವರು. ನನ್ನ ಟೈಮೂ ಉಳಿಯುತ್ತೆ, ಅವರದ್ದೂ ಉಳಿಯುತ್ತೆ.’

ಆ ಕಡೆಯ ದನಿಗೂ ಒಂದು ಊರಿದೆ, ಒಬ್ಬ ತಾಯಿಯಿದ್ದಾಳೆ. ಬೇಡದ್ದು ಅವಳು ಮಾರುವ ವಸ್ತು, ಅವಳಲ್ಲ. ಸಿಟ್ಟು ಬಂದು ಅದೇ ನಂಬರಿಗೆ ತಿರುಗಿ ಕರೆ ಮಾಡಿ ಬೈಯುವವರೂ ನಮ್ಮಲ್ಲಿದ್ದಾರೆ. ನಮ್ಮ ಪರದೆಯ ಮೇಲೆ ಕಾಣುವ ಸಂಖ್ಯೆ ಕರೆ ಮಾಡಿದವರದ್ದೇ ಆಗಿರಬೇಕೆಂದೇನೂ ಇಲ್ಲ, ಮೋಸಗಾರರು ಬೇರೆಯವರ ಸಂಖ್ಯೆ ತೋರುವಂತೆ ಮಾಡಬಲ್ಲರು. ಆಗ ನಮ್ಮ ಬೈಗುಳ ಏನೂ ಅರಿಯದ ಇನ್ನೊಬ್ಬರ ಮನೆಗೆ ಹೋಗಿ ಬೀಳುತ್ತದೆ.

ಬೆಟ್ಟದ ಮೇಲಿನ ಬೋಧನೆಯಲ್ಲಿ ಯೇಸುಸ್ವಾಮಿ, ನಮ್ಮ ಒಪ್ಪಿಗೆಯಾಗಲಿ ನಿರಾಕರಣೆಯಾಗಲಿ ಆಣೆ ಪ್ರಮಾಣದ ಊರುಗೋಲಿಲ್ಲದೆ ನೇರವಾಗಿರಬೇಕೆಂದು ಕಲಿಸಿದರು (ಮತ್ತಾಯ 5). ‘ಇಲ್ಲ’ ಎನ್ನುವುದನ್ನು ನಾವು ಒರಟುತನ ಎಂದುಕೊಂಡು ಬೆಳೆದಿದ್ದೇವೆ. ಮನೆಗೆ ಬಂದವರಿಗೆ ಬೇಡ ಎನ್ನಬಾರದು ಎಂಬುದು ನಮ್ಮ ಹಿರಿಯರ ನಡೆ, ಒಳ್ಳೆಯ ನಡೆ. ಆದರೆ ಒಲ್ಲದ ಮನಸ್ಸಿನ ‘ಆಮೇಲೆ ನೋಡೋಣ’ಕ್ಕಿಂತ ಮೆತ್ತಗಿನ, ನೇರವಾದ ಒಂದು ‘ಬೇಡ’ ಆ ಕಡೆಯವರಿಗೆ ಕೊಡುವ ಗೌರವ. ‘ಬೇಡಮ್ಮ, ನನ್ನ ನಂಬರ್ ತೆಗೆದುಬಿಡಿ, ಒಳ್ಳೆಯದಾಗಲಿ’ ಎಂಬ ಐದು ಪದಗಳು ಸಾಕು. ಅದರಲ್ಲಿ ಸುಳ್ಳೂ ಇಲ್ಲ, ಹಗೆಯೂ ಇಲ್ಲ.

‘ಬೇಡ’ ಎಂದ ಮೇಲೂ ಬಿಡದಿದ್ದರೆ? ಇಲ್ಲಿ ಪ್ರಶ್ನೆ ಗಂಭೀರವಾಗುತ್ತದೆ.

ನಮ್ಮ ಬಳಗದ ಒಬ್ಬ ತಂಗಿಗೆ ಹೀಗಾಯಿತು. ಆಕೆಯ ಒಪ್ಪಿಗೆ ಪಡೆದು, ಗುರುತು ಬಿಟ್ಟು ಬರೆಯುತ್ತಿದ್ದೇವೆ. ಗೊತ್ತಿಲ್ಲದ ಗಂಡಸೊಬ್ಬ ರಾತ್ರಿ ಹೊತ್ತು ಕರೆ ಮಾಡಲು ಶುರುಮಾಡಿದ. ಆಕೆ ಬೇಡ, ಮಾಡಬೇಡಿ ಎಂದು ಸ್ಪಷ್ಟವಾಗಿ ಹೇಳಿದಳು. ಬ್ಲಾಕ್ ಮಾಡಿದಳು. ಬೇರೆ ನಂಬರಿನಿಂದ ಬಂತು. ಮನೆಯಲ್ಲಿ ಹೇಳಿದಾಗ ಮೊದಲು ಬಂದ ಪ್ರಶ್ನೆ, ‘ನಿನ್ನ ನಂಬರ್ ಅವನಿಗೆ ಹೇಗೆ ಸಿಕ್ಕಿತು?’ ಎರಡನೆಯದಾಗಿ ಆಕೆಯ ಫೋನನ್ನೇ ತೆಗೆದಿಟ್ಟರು. ಗಾಯನವೃಂದದ ಅಭ್ಯಾಸಕ್ಕೂ ಬರುವುದು ನಿಂತಿತು. ತಪ್ಪು ಮಾಡಿದವನು ಹಾಯಾಗಿದ್ದ, ಬಾಗಿಲು ಮುಚ್ಚಿದ್ದು ಆಕೆಗೆ.

ಆಕೆಯನ್ನು ಭೇಟಿಯಾದಾಗ ನಮ್ಮಲ್ಲೇ ಒಬ್ಬರು, ‘ಕ್ಷಮಿಸಿಬಿಡು, ಅವನಿಗಾಗಿ ಪ್ರಾರ್ಥಿಸು’ ಎಂದೆವು. ಒಳ್ಳೆಯ ಮಾತು. ಆದರೆ ಅದನ್ನು ಹೇಳಲು ನಮಗೆ ಯಾವ ಖರ್ಚೂ ಇರಲಿಲ್ಲ. ಕೆನ್ನೆ ಆಕೆಯದು, ತಿರುಗಿಸು ಎನ್ನುವವರು ನಾವು. ಪ್ರಧಾನ ಯಾಜಕನ ಮುಂದೆ ಒಬ್ಬ ಕಾವಲುಗಾರ ಯೇಸುಸ್ವಾಮಿಯ ಕೆನ್ನೆಗೆ ಹೊಡೆದಾಗ ಅವರು ತಿರುಗಿ ಹೊಡೆಯಲಿಲ್ಲ, ಆದರೆ ಸುಮ್ಮನೆಯೂ ಇರಲಿಲ್ಲ. ಯಾವ ತಪ್ಪಿಗೆ ಹೊಡೆದೆ ಎಂದು ಅವನನ್ನೇ ಕೇಳಿದರು (ಯೊವಾನ್ನ 18). ಮತ್ತಾಯರ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ ತಪ್ಪು ಮಾಡಿದವನೊಂದಿಗೆ ನಡೆದುಕೊಳ್ಳುವ ಮೆಟ್ಟಿಲುಗಳನ್ನೇ ತೋರಿಸಿದ್ದಾರೆ: ಮೊದಲು ಅವನಿಗೊಬ್ಬನಿಗೇ ಹೇಳು, ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳೊಂದಿಗೆ ಹೇಳು, ಆಗಲೂ ಕೇಳದಿದ್ದರೆ ಸಮುದಾಯದ ಮುಂದಿಡು. ಆ ಮಾತು ಸಭೆಯೊಳಗಿನ ಸಹೋದರನನ್ನು ಕುರಿತದ್ದು ನಿಜ. ಆದರೂ ಮೌನವಾಗಿ ನುಂಗಿಕೊಳ್ಳುವುದೇ ಕ್ಷಮೆ ಎಂದು ಅಲ್ಲಿ ಎಲ್ಲೂ ಇಲ್ಲ.

ನಮ್ಮ ದೇಶದ ಕಾನೂನೂ ಇದನ್ನು ಅಪರಾಧವೆಂದೇ ನೋಡುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಂತೆ, ಹೆಣ್ಣೊಬ್ಬಳು ತನಗೆ ಆಸಕ್ತಿಯಿಲ್ಲವೆಂದು ಸ್ಪಷ್ಟಪಡಿಸಿದ ಮೇಲೂ ಗಂಡಸೊಬ್ಬ ಮತ್ತೆ ಮತ್ತೆ ಸಂಪರ್ಕಿಸಿ ಕಾಡಿದರೆ ಅದು ಶಿಕ್ಷಾರ್ಹ. ಮೊದಲ ಸಲಕ್ಕೆ ಮೂರು ವರ್ಷದವರೆಗೆ ಜೈಲು ಮತ್ತು ದಂಡ. ಗಮನಿಸಿ, ಇಲ್ಲಿಯೂ ಆ ಸ್ಪಷ್ಟವಾದ ‘ಬೇಡ’ಕ್ಕೆ ಬೆಲೆಯಿದೆ.

ನಾವು ಮೂವರು, ಸಿಸ್ಟರ್ ಒಬ್ಬರು, ಆಕೆಯ ತಾಯಿ ಜೊತೆಯಾಗಿ ಪೊಲೀಸ್ ಠಾಣೆಗೆ ಹೋದೆವು. ಬಂದ ಕರೆಗಳ ದಿನ, ಹೊತ್ತು ಎಲ್ಲವನ್ನೂ ಆಕೆ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದಳು. ಅದು ಬಹಳ ಉಪಯೋಗಕ್ಕೆ ಬಂತು. ಕರೆಗಳು ನಿಂತವು. ಹಿಂದಿರುಗುವಾಗ ಆಕೆ ಹೇಳಿದ ಮಾತು ನಮ್ಮ ಉಪದೇಶಕ್ಕಿಂತ ದೊಡ್ಡದು: ‘ನನಗೆ ಅವನ ಮೇಲೆ ಹಗೆ ಇಲ್ಲ. ಆದರೆ ನಾನು ಸುಮ್ಮನಿದ್ದಿದ್ದರೆ ಅವನು ಇನ್ನೊಬ್ಬಳಿಗೆ ಮಾಡ್ತಿದ್ದ.’ ದೂರು ಕೊಡುವುದೂ ನೆರೆಯವರ ಮೇಲಿನ ಪ್ರೀತಿಯೇ ಆಗಬಹುದು. ಮುಂದಿನ ಸಲ ಕರೆ ಹೋಗುವುದು ಯಾರ ಮನೆಗೋ, ಆ ಮನೆಯವರ ಪರವಾಗಿ ನಾವು ದೂರು ಕೊಡುತ್ತೇವೆ. ಆಕೆ ಈಗ ಮತ್ತೆ ಗಾಯನವೃಂದದಲ್ಲಿ ಹಾಡುತ್ತಿದ್ದಾಳೆ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಕಡೆಗೂ ಬೆರಳು ತೋರಿಸಿಕೊಳ್ಳಬೇಕು. ಎರಡು ವರ್ಷದ ಹಿಂದಿನ ಹಬ್ಬದ ಜಾತ್ರೆಯಲ್ಲಿ ಒಂದು ಮಳಿಗೆಯವರು ‘ಲಕ್ಕಿ ಡ್ರಾ’ ಎಂದು ಡಬ್ಬಿ ಇಟ್ಟಿದ್ದರು. ಹೆಸರು, ನಂಬರ್ ಬರೆದು ಚೀಟಿ ಹಾಕಬೇಕು. ಮಳಿಗೆಗೆ ಜಾಗ ಕೊಟ್ಟು ಬಾಡಿಗೆ ಪಡೆದವರು ನಾವು. ಚೀಟಿ ಬರೆಯಲು ಅಜ್ಜಿಯರಿಗೆ ಸಹಾಯ ಮಾಡಿದವರೂ ನಾವು. ಕುಕ್ಕರ್ ಯಾರಿಗೆ ಬಂತೋ ತಿಳಿಯದು, ಕರೆಗಳು ಮಾತ್ರ ಊರಿಗೆಲ್ಲ ಬಂದವು. ರಕ್ತದಾನಿಗಳ ಪಟ್ಟಿಯನ್ನು ಎಲ್ಲರೂ ಓದುವಂತೆ ಬೋರ್ಡಿಗೆ ಅಂಟಿಸಿದ್ದೂ ಅಂಥದ್ದೇ ತಪ್ಪು. ಹೆಣ್ಣುಮಕ್ಕಳ ನಂಬರುಗಳೂ ಅದರಲ್ಲಿದ್ದವು. ಒಬ್ಬರು ನಂಬಿ ಕೊಟ್ಟ ನಂಬರ್ ಅವರ ಮನೆಯ ಬೀಗದ ಕೈ ಇದ್ದ ಹಾಗೆ. ಕೇಳದೆ ಇನ್ನೊಬ್ಬರಿಗೆ ಕೊಡುವ ಹಕ್ಕು ನಮಗಿಲ್ಲ. ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಖಾಸಗಿ ವಿವರ ಬಳಸಬಾರದೆಂದು 2023ರಲ್ಲಿ ಸಂಸತ್ತು ಒಂದು ಕಾಯಿದೆಯನ್ನೇ ಮಾಡಿದೆ. ಕಾಯಿದೆ ಬರುವ ಮೊದಲೇ ನಮಗೆ ಇದು ತಿಳಿದಿರಬೇಕಿತ್ತು. ಇದಕ್ಕಾಗಿ ಧರ್ಮಕೇಂದ್ರದ ಎಲ್ಲರ ಕ್ಷಮೆ ಕೇಳುತ್ತೇವೆ. ಪಟ್ಟಿಯನ್ನು ಬೋರ್ಡಿನಿಂದ ತೆಗೆದು ಫಾದರ್ ಕಚೇರಿಯಲ್ಲಿ ಇಟ್ಟಿದ್ದೇವೆ. ಹಬ್ಬದ ವಂತಿಗೆಗೆಂದು ಒಂದೇ ಮನೆಗೆ ಐದು ಸಲ ಫೋನ್ ಮಾಡುವುದನ್ನೂ ನಿಲ್ಲಿಸಿದ್ದೇವೆ. ಒಂದು ಸಲ ಕೇಳುತ್ತೇವೆ, ಆಗದು ಎಂದರೆ ಅದೇ ಉತ್ತರ.

ಇನ್ನು ಕೈಯಲ್ಲಾಗುವ ಕೆಲವು ಕೆಲಸಗಳು.

ಮಾರಾಟದ ಕರೆಗಳು ಬೇಡವೆನ್ನುವವರು 1909ಕ್ಕೆ ಕರೆ ಮಾಡಿ ನೋಂದಾಯಿಸಬಹುದು. ಇಲ್ಲವೇ ಇಂಗ್ಲಿಷಿನಲ್ಲಿ ‘ಸ್ಟಾರ್ಟ್’ ಎಂದು ಬರೆದು, ಜಾಗ ಬಿಟ್ಟು, ಸೊನ್ನೆ ಸೇರಿಸಿ ಅದೇ ಸಂಖ್ಯೆಗೆ ಎಸ್‌ಎಂಎಸ್ ಕಳುಹಿಸಬಹುದು. ಇದಕ್ಕೆ ಹಣವಿಲ್ಲ. ಆಮೇಲೂ ಕರೆ ಬಂದರೆ ಅದೇ 1909ಕ್ಕೆ ದೂರು ಕೊಡಬಹುದು. ಕರೆ ಬಂದ ಏಳು ದಿನದೊಳಗೆ ಕೊಡಬೇಕು, 2025ರ ತಿದ್ದುಪಡಿಗೆ ಮುಂಚೆ ಮೂರೇ ದಿನವಿತ್ತು. 140ರಿಂದ ಶುರುವಾಗುವ ಸಂಖ್ಯೆಗಳು ಜಾಹೀರಾತಿನ ಕರೆಗಳಿಗೆ ಮೀಸಲು. ಬ್ಯಾಂಕು ಮೊದಲಾದವರ ಸೇವಾ ಕರೆಗಳಿಗೆ 1600 ಸರಣಿ ಗೊತ್ತುಮಾಡಲಾಗಿದೆ. ಸಾಮಾನ್ಯ ಹತ್ತಂಕಿಯ ನಂಬರಿನಿಂದ ಮಾರಾಟದ ಕರೆ ಮಾಡುವುದು ನಿಯಮಕ್ಕೆ ವಿರುದ್ಧ. ಮೋಸದ ಕರೆ ಎಂದು ಅನುಮಾನ ಬಂದರೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದ ‘ಚಕ್ಷು’ ವಿಭಾಗದಲ್ಲಿ ತಿಳಿಸಬಹುದು. ಹಣ ಹೋಗಿದ್ದರೆ ನಾಚಿಕೆಪಡದೆ, ತಡಮಾಡದೆ 1930ಕ್ಕೆ ಕರೆ ಮಾಡಿ. ಫೋನಿನಲ್ಲೇ ನಿಮ್ಮನ್ನು ‘ಅರೆಸ್ಟ್’ ಮಾಡಿದ್ದೇವೆ ಎನ್ನುವ ಪೊಲೀಸರು ನಮ್ಮ ಕಾನೂನಿನಲ್ಲಿ ಇಲ್ಲ. ಹೆದರಬೇಡಿ, ಇಟ್ಟುಬಿಡಿ.

ಮಧ್ಯರಾತ್ರಿಯ ಮಿತ್ರನಿಗೆ ಬಾಗಿಲು ತೆರೆದಿರಲೆಂದು ನಮ್ಮ ಬಳಗ ಒಂದು ಪದ್ಧತಿ ಮಾಡಿಕೊಂಡಿದೆ. ಬೇರೆಯವರ ಫೋನಿನಿಂದ ತುರ್ತಾಗಿ ಕರೆ ಮಾಡಬೇಕಾದವರು, ಎತ್ತದಿದ್ದರೆ ಕೂಡಲೇ ಒಂದು ಎಸ್‌ಎಂಎಸ್ ಹಾಕಬೇಕು: ಹೆಸರು, ಊರು, ಏನು ಬೇಕು. ಮೂರೇ ಮಾತು. ನಮ್ಮ ಕಡೆಯಿಂದ, ಪ್ರತಿ ರಾತ್ರಿ ಇಬ್ಬರು ಸರದಿಯಂತೆ ಫೋನಿನ ಸದ್ದು ಆರಿಸದೆ ಮಲಗುತ್ತಾರೆ, ಯಾವ ನಂಬರಿನಿಂದ ಬಂದರೂ ಎತ್ತುತ್ತಾರೆ. ನಿದ್ದೆ ಕೆಡುತ್ತದೆ. ಎರಡು ತಿಂಗಳಲ್ಲಿ ಬಂದದ್ದು ಹೆಚ್ಚಾಗಿ ರಾಂಗ್ ನಂಬರುಗಳೇ. ಒಂದು ಮಾತ್ರ ನಿಜವಾದದ್ದು. ಅವತ್ತು ಇಬ್ಬರು ಹೋಗಿ ರಕ್ತ ಕೊಟ್ಟು ಬಂದರು.

ಕೊನೆಗೆ ಆ ಅಜ್ಜಿಯ ವಿಷಯ. ಮುಂದಿನ ವಾರ ನಾವು ಮತ್ತೆ ಅವರ ಮನೆಗೆ ಹೋದೆವು, ಈ ಸಲ ಬುದ್ಧಿ ಹೇಳಲು ಅಲ್ಲ. ಅವರ ಗುಂಡಿ ಫೋನಿನ ಮೆನು ಹುಡುಕಿ ಮಗನ ನಂಬರಿಗೆ ಬೇರೆಯದೇ ಒಂದು ರಿಂಗ್‌ಟೋನ್ ಹಾಕಿಕೊಟ್ಟೆವು. 1909ಕ್ಕೆ ನೋಂದಾಯಿಸಿದೆವು. ಬೇರೆ ಫೋನಿನಿಂದ ಮಾಡುವಾಗ ಒಂದು ಸಲ ಬಿಟ್ಟು ಕೂಡಲೇ ಇನ್ನೊಂದು ಸಲ ಮಾಡಿ, ಅದೇ ಗುರುತು ಎಂದು ಮಗನಿಗೂ ಹೇಳಿದೆವು. ಈಗ ಕರೆಗಳು ಕಡಿಮೆಯಾಗಿವೆ, ಪೂರ್ತಿ ನಿಂತಿಲ್ಲ. ಅಜ್ಜಿ ಬೇರೆ ಸದ್ದು ಬಂದರೆ ಫೋನನ್ನು ನೋಡಿ ‘ನೀನಲ್ಲ’ ಎಂದು ಹೇಳಿ ಸೆರಗಿಗೆ ಕಟ್ಟಿಕೊಳ್ಳುತ್ತಾರೆ. ಬೈಯುವುದಿಲ್ಲ.

ಮಗನ ಸದ್ದು ಬಂದರೆ ಮಾತ್ರ ಅದು ಬಲಿಪೂಜೆಯ ಹೊತ್ತಾದರೂ ಅಜ್ಜಿ ಎದ್ದು ಹೊರಗೆ ಹೋಗುತ್ತಾರೆ. ಅವರು ನಮ್ಮ ಸಾಲನ್ನು ದಾಟಿ ಹೋಗುವಾಗ ದಯವಿಟ್ಟು ಯಾರೂ ಮುಖ ಸಿಂಡರಿಸಬೇಡಿ, ಸ್ವಲ್ಪ ಕಾಲು ಸರಿಸಿ ದಾರಿ ಕೊಡಿ. ನಾವು ತಟ್ಟುವ ಮುಂಚೆಯೇ ನಮ್ಮ ಸದ್ದನ್ನು ಬಲ್ಲ ತಂದೆ, ನಮಗೂ ಒಬ್ಬರ ಸಂಕಟದ ಸದ್ದನ್ನು ಗುರುತಿಸುವ ಕಿವಿಯನ್ನೂ, ಉಳಿದದ್ದಕ್ಕೆ ಹಗೆಯಿಲ್ಲದೆ ‘ಬೇಡ’ ಎನ್ನುವ ನಾಲಿಗೆಯನ್ನೂ ಕೊಡಲಿ.

— ಧರ್ಮಕೇಂದ್ರದ ಯುವಜನ ಬಳಗದ ಪರವಾಗಿ, ಯುವಜನ ಸಂಚಾಲಕರು